ಮನಸ್ಸಿನಲ್ಲೇನಿದೆ? ಇಂಗ್ಲಿಷಿನಲ್ಲಿ ಕೇಳಿ ನೋಡು!

"ಅದು ಪ್ರಾಣೀನಾ?"

"ಅಲ್ಲ."

"ಅಡಿಗೆಮನೇಲಿ ಇರತ್ತಾ?"

"ಹೂಂ, ಇರತ್ತೆ."

"ಅದಕ್ಕೆ ಕಾಲಿದೆಯಾ?"

"ಇಲ್ಲ."

"ಸದ್ದು ಮಾಡತ್ತಾ?"

"ಮಾಡತ್ತೆ, ಮಾಡತ್ತೆ!"

"ಕುಕ್ಕರ್!"

ವಿಜಯನಗರದ ನಮ್ಮ ಬೀದಿಯಲ್ಲಿ ಮಳೆ ಸುರಿದು ಕರೆಂಟು ಹೋದ ಒಂದು ಸಂಜೆ, ಮಹಡಿ ಮೆಟ್ಟಿಲ ಮೇಲೆ ಸಾಲಾಗಿ ಕುಳಿತ ನಾಲ್ಕು ಮಕ್ಕಳು ಆಡುತ್ತಿದ್ದ ಆಟವಿದು. ಆಟ ನಿಮಗೂ ಗೊತ್ತು. ಒಬ್ಬರು ಮನಸ್ಸಿನಲ್ಲಿ ಒಂದು ವಸ್ತುವನ್ನು ನೆನೆಸಿಕೊಳ್ಳಬೇಕು. ಉಳಿದವರು ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ ಬರುವಂಥ ಪ್ರಶ್ನೆಗಳನ್ನು ಕೇಳಿ ಅದನ್ನು ಪತ್ತೆ ಹಚ್ಚಬೇಕು. ಕಾಸು ಖರ್ಚಿಲ್ಲ, ಸಾಮಾನು ಬೇಕಿಲ್ಲ, ಬೆಳಕೂ ಬೇಕಿಲ್ಲ.

ನಾನು ಹತ್ತಾರು ವರ್ಷ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವನು. ಚಪಲ ಎಲ್ಲಿ ಹೋಗುತ್ತದೆ? "ಇದೇ ಆಟವನ್ನು ಇಂಗ್ಲಿಷಿನಲ್ಲಿ ಆಡಿ ನೋಡೋಣ" ಎಂದೆ. ಅಲ್ಲಿಯತನಕ ಪಟಪಟನೆ ಪ್ರಶ್ನೆ ಸುರಿಸುತ್ತಿದ್ದ ಮಕ್ಕಳು ಗಪ್‌ಚಿಪ್. ಕೊನೆಗೆ ಒಂಬತ್ತನೆಯ ತರಗತಿಯ ಹುಡುಗಿ ಧೈರ್ಯ ಮಾಡಿ, 'ಇಟ್ ಈಸ್ ಕಿಚನ್?' ಎಂದಳು. ಅವಳ ತಮ್ಮ 'ಸೌಂಡ್ ಕಮಿಂಗ್?' ಎಂದ. ಮೂರನೆಯವನು 'ಇಟ್ ಈಸ್ ಹ್ಯಾವಿಂಗ್ ಲೆಗ್?' ಎಂದು ಕೇಳಿ, ತನಗೇ ಅನುಮಾನ ಬಂದು ನಕ್ಕುಬಿಟ್ಟ.

ನಿಜ ಹೇಳಬೇಕೆಂದರೆ ಇವರು ದಡ್ಡ ಮಕ್ಕಳಲ್ಲ. ಆ ಹುಡುಗಿ ಇಂಗ್ಲಿಷಿನಲ್ಲಿ ನೂರಕ್ಕೆ ಎಂಬತ್ತರ ಮೇಲೆ ತೆಗೆಯುವವಳು. ಬಿಟ್ಟ ಸ್ಥಳ ತುಂಬಿರಿ ಎಂದು ಕೊಟ್ಟರೆ 'ಡಸ್' ಎಂದು ಕಣ್ಣುಮುಚ್ಚಿ ತುಂಬುತ್ತಾಳೆ. ಆದರೆ ತನಗೇ ಒಂದು ಸಂಗತಿ ಗೊತ್ತಾಗಬೇಕಾಗಿದೆ, ಎದುರಿಗಿರುವವರನ್ನು ಕೇಳಿ ತಿಳಿಯಬೇಕಾಗಿದೆ ಎಂದಾಗ ಆ 'ಡಸ್' ನಾಲಿಗೆಗೆ ಬರುವುದಿಲ್ಲ.

ಏಕೆ? ನಮ್ಮ ತರಗತಿಗಳನ್ನು ಒಮ್ಮೆ ನೆನೆಸಿಕೊಳ್ಳಿ. ಪ್ರಶ್ನೆ ಕೇಳುವವರು ಯಾರು? ಮೇಷ್ಟ್ರು. ಪಾಠದ ಕೊನೆಯಲ್ಲಿ ಪ್ರಶ್ನೆ ಕೇಳುವುದು ಯಾವುದು? ಪುಸ್ತಕ. ಪರೀಕ್ಷೆಯಲ್ಲಿ? ಪ್ರಶ್ನೆಪತ್ರಿಕೆ. ಮಗು ಮಾತ್ರ ಹತ್ತು ವರ್ಷ ಉತ್ತರ ಹೇಳುತ್ತಲೇ ಇರುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಹೊರಬರುವಷ್ಟರಲ್ಲಿ ಅದು ಇಂಗ್ಲಿಷಿನಲ್ಲಿ ತಾನಾಗಿ ಕೇಳಿರುವ ಪ್ರಶ್ನೆ ಬಹುಶಃ ಒಂದೇ: 'ಮೇ ಐ ಕಮ್ ಇನ್ ಸಾರ್?' ಮುಂದೆ ಕಾಲೇಜಿನಲ್ಲಿ ಅರ್ಥವಾಗದ ಪಾಠವನ್ನು ಎದ್ದು ನಿಂತು ಕೇಳಲಾಗದೆ ಕುಳಿತುಕೊಳ್ಳುವವರು, ಸಂದರ್ಶನದಲ್ಲಿ "ನೀವೇನಾದರೂ ಕೇಳುವುದಿದೆಯೇ?" ಎಂದರೆ ತಲೆಯಾಡಿಸಿ ಎದ್ದು ಬರುವವರು ಇದೇ ಮಕ್ಕಳು.

ಊಹಿಸುವ ಆಟದಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಉತ್ತರ ಹೇಳುವವರು ಒಬ್ಬರು, ಅದೂ ಎರಡೇ ಮಾತು. ಪ್ರಶ್ನೆ ಕೇಳುವವರು ಮಿಕ್ಕವರೆಲ್ಲರೂ!

'ಅಲ್ಲ'ಕ್ಕೊಂದು, 'ಇಲ್ಲ'ಕ್ಕೊಂದು

ಕನ್ನಡದಲ್ಲಿ ಪ್ರಶ್ನೆ ಕೇಳುವುದು ಬಲು ಸುಲಭ. ಹೇಳುವ ಮಾತಿನ ಬಾಲಕ್ಕೆ ಒಂದು 'ಆ' ಅಂಟಿಸಿದರೆ ಆಯಿತು. ಹಾರುತ್ತೆ, ಹಾರುತ್ತಾ? ಹಣ್ಣು, ಹಣ್ಣಾ? ಬಂದ, ಬಂದನಾ? ವಾಕ್ಯದ ಒಳಗೆ ಯಾವ ಪದವೂ ಕುಳಿತ ಜಾಗ ಬಿಟ್ಟು ಏಳುವುದಿಲ್ಲ. ಹಾಗಾಗಿ ನಮ್ಮ ಮಕ್ಕಳು ಇಂಗ್ಲಿಷಿನಲ್ಲೂ ವಾಕ್ಯವನ್ನು ಇದ್ದ ಹಾಗೇ ಇಟ್ಟು ಕೊನೆಯಲ್ಲಿ ದನಿ ಮಾತ್ರ ಏರಿಸುತ್ತಾರೆ. 'ಇಟ್ ಈಸ್ ಕಿಚನ್?' ಹುಟ್ಟಿದ್ದು ಹೀಗೆ. ಇದು ಅಜ್ಞಾನವಲ್ಲ, ತಾಯ್ನುಡಿಯ ಅಭ್ಯಾಸ.

ಇಂಗ್ಲಿಷಿನ ಪದ್ಧತಿ ಬೇರೆ. ಅಲ್ಲಿ ಪ್ರಶ್ನೆಯ ಗುರುತು ಬಾಲದಲ್ಲಿಲ್ಲ, ತಲೆಯಲ್ಲಿದೆ. ವಾಕ್ಯದಲ್ಲಿ 'ಈಸ್' ಇದ್ದರೆ ಅದು ಎದ್ದು ಮುಂದೆ ಬಂದು ನಿಲ್ಲಬೇಕು. ಇಲ್ಲದಿದ್ದರೆ ಎಲ್ಲಿಂದಲೋ ಒಂದು 'ಡಸ್' ಅನ್ನು ಕರೆತಂದು ಮುಂದೆ ನಿಲ್ಲಿಸಬೇಕು. ಯಾವಾಗ 'ಈಸ್', ಯಾವಾಗ 'ಡಸ್'? ಮಕ್ಕಳು ಮುಗ್ಗರಿಸುವುದು ಇಲ್ಲಿಯೇ. ಎರಡನ್ನೂ ಸೇರಿಸಿ 'ಈಸ್ ಇಟ್ ಫ್ಲೈಸ್?' ಎನ್ನುವವರೇ ಹೆಚ್ಚು.

ಇದಕ್ಕೆ ವ್ಯಾಕರಣ ಪುಸ್ತಕದ ವಿವರಣೆ ಇದ್ದೇ ಇದೆ. ಆದರೆ ಆ ಸಂಜೆಯ ಮೆಟ್ಟಿಲಾಟ ಕೇಳುತ್ತಿದ್ದಾಗ ನನಗೆ ಹೊಳೆದದ್ದು ಬೇರೆ. ಮೇಲಿನ ಸಂಭಾಷಣೆಯನ್ನು ಮತ್ತೊಮ್ಮೆ ಓದಿ. "ಪ್ರಾಣೀನಾ?" ಎಂದಾಗ ಬಂದ ಉತ್ತರ 'ಅಲ್ಲ'. ಅದು ಸದ್ದು ಮಾಡದ ವಸ್ತುವಾಗಿದ್ದರೆ "ಸದ್ದು ಮಾಡತ್ತಾ?" ಎಂಬ ಪ್ರಶ್ನೆಗೆ ಬರುತ್ತಿದ್ದ ಉತ್ತರ 'ಇಲ್ಲ'. ಯಾವ ಕನ್ನಡ ಮಗುವೂ ಇವೆರಡನ್ನು ಅದಲು ಬದಲು ಮಾಡುವುದಿಲ್ಲ. ಮೂರು ವರ್ಷಕ್ಕೇ ಅದು ಕರಗತ. ಇನ್ನೀಗ ಅದೇ ಪ್ರಶ್ನೆಗಳನ್ನು ಇಂಗ್ಲಿಷಿಗೆ ತಂದು ನೋಡಿ. 'ಅಲ್ಲ' ಬರುವ ಕಡೆ 'ಈಸ್ ಇಟ್ ಎನ್ ಅನಿಮಲ್?' 'ಇಲ್ಲ' ಬರುವ ಕಡೆ 'ಡಸ್ ಇಟ್ ಮೇಕ್ ಎ ನಾಯ್ಸ್?' ದೊಡ್ಡದಾ? ಅಲ್ಲ. 'ಈಸ್ ಇಟ್ ಬಿಗ್?' ನೀರಲ್ಲಿ ವಾಸ ಮಾಡತ್ತಾ? ಇಲ್ಲ. 'ಡಸ್ ಇಟ್ ಲಿವ್ ಇನ್ ವಾಟರ್?' ಕಾಲಿದೆಯಾ? ಇಲ್ಲ. 'ಡಸ್ ಇಟ್ ಹ್ಯಾವ್ ಲೆಗ್ಸ್?'

ಅಂದರೆ ಇಂಗ್ಲಿಷಿನ ಈ ಕಗ್ಗಂಟಿಗೆ ಬೇಕಾದ ಬೀಗದ ಕೈ ಮಗುವಿನ ಜೇಬಿನಲ್ಲೇ ಇದೆ! ಮಗು ಮೊದಲು ಕನ್ನಡದಲ್ಲಿ ಪ್ರಶ್ನೆ ಕೇಳಿಕೊಂಡು, ಬೇಡವೆನ್ನುವ ಉತ್ತರ 'ಅಲ್ಲ'ವೋ 'ಇಲ್ಲ'ವೋ ನೋಡಿಕೊಂಡರೆ ಮುಕ್ಕಾಲು ಪಾಲು ದಾರಿ ಸರಿಯಾಗಿ ಸಿಗುತ್ತದೆ.

ಮುಕ್ಕಾಲು ಪಾಲು ಎಂದೆ, ಪೂರ್ತಿ ಅಲ್ಲ. "ಫ್ರಿಜ್ಜಿನಲ್ಲಿದೆಯಾ?" ಎಂದರೆ ಉತ್ತರ 'ಇಲ್ಲ', ಆದರೆ ಇಂಗ್ಲಿಷಿನಲ್ಲಿ 'ಈಸ್ ಇಟ್ ಇನ್ ದ ಫ್ರಿಜ್?' "ಈಗ ಹಾರ್ತಾ ಇದೆಯಾ?" ಎಂದರೂ 'ಇಲ್ಲ', ಇಂಗ್ಲಿಷಿನಲ್ಲಿ 'ಈಸ್ ಇಟ್ ಫ್ಲೈಯಿಂಗ್?' ಆದ್ದರಿಂದ 'ಇಲ್ಲ' ಬಂದಾಗ ಇನ್ನೊಂದು ಸಣ್ಣ ಯೋಚನೆ ಬೇಕು: ಎಲ್ಲಿದೆ ಎಂದು ಕೇಳುತ್ತಿದ್ದೇನೆಯೇ, ಈ ಕ್ಷಣ ಏನು ನಡೆಯುತ್ತಿದೆ ಎಂದು ಕೇಳುತ್ತಿದ್ದೇನೆಯೇ? ಹೌದಾದರೆ 'ಈಸ್'. ಇಲ್ಲವಾದರೆ 'ಡಸ್'. ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಬೇಡಿ. ಆಡುತ್ತ ಆಡುತ್ತ ಎಡವಿದಾಗ ಹೇಳಿದರೆ ನೆನಪಿರುತ್ತದೆ.

ಇನ್ನು 'ಎಸ್' ಕಥೆ. 'ಇಟ್ ಲಿವ್ಸ್' ಎಂಬಲ್ಲಿ ಕ್ರಿಯಾಪದದ ಬಾಲದಲ್ಲಿದ್ದ 'ಎಸ್' ಪ್ರಶ್ನೆಯಲ್ಲಿ ಮುಂದಿನ 'ಡಸ್'ಗೆ ಹೋಗಿ ಸೇರಿಕೊಳ್ಳುತ್ತದೆ. ನಾನು ಮಕ್ಕಳಿಗೆ ಹೇಳುವುದಿಷ್ಟು: ಮನೆಯಲ್ಲಿರುವುದು ಒಂದೇ ಕೊಡೆ. 'ಡಸ್' ಅದನ್ನು ತೆಗೆದುಕೊಂಡು ಹೊರಟಿತೆಂದರೆ 'ಲಿವ್' ನೆನೆದುಕೊಂಡೇ ಹೋಗಬೇಕು. ಭೂತಕಾಲದಲ್ಲೂ ಇದೇ ಕೊಡೆ. 'ಡಿಡ್' ಹಿಡಿದ ಮೇಲೆ 'ವೆಂಟ್'ಗೆ ಕೆಲಸವಿಲ್ಲ, 'ಗೋ' ಸಾಕು.

ಇಪ್ಪತ್ತೇ ಪ್ರಶ್ನೆ, ಹತ್ತು ಲಕ್ಷ ವಸ್ತು

ಈ ಆಟ ಲೋಕಕ್ಕೆ ಹಳೆಯದು. ಅಮೆರಿಕದ ರೇಡಿಯೋದಲ್ಲಿ 1946ರಲ್ಲಿ, ಬಿಬಿಸಿಯಲ್ಲಿ 1947ರಲ್ಲಿ 'ಟ್ವೆಂಟಿ ಕ್ವೆಶ್ಚನ್ಸ್' ಎಂಬ ಹೆಸರಿನಲ್ಲಿ ಇದು ಶುರುವಾಯಿತು. ಬಿಬಿಸಿಯಲ್ಲಿ 1976ರವರೆಗೂ ನಡೆಯಿತು. ಪ್ರಾಣಿಯೋ, ಸಸ್ಯವೋ, ಖನಿಜವೋ ಎಂಬ ಸುಳಿವೊಂದನ್ನು ಕೊಟ್ಟು, ಇಪ್ಪತ್ತು ಪ್ರಶ್ನೆಯೊಳಗೆ ವಸ್ತುವನ್ನು ಕಂಡುಹಿಡಿಯಬೇಕಿತ್ತು.

ಇಪ್ಪತ್ತು ಪ್ರಶ್ನೆ ಕಡಿಮೆಯಾಯಿತು ಎನ್ನುವ ಮಕ್ಕಳಿಗೆ ಈ ಲೆಕ್ಕ ಹೇಳಿ. ಪ್ರತಿ ಪ್ರಶ್ನೆಯೂ ಉಳಿದ ವಸ್ತುಗಳನ್ನು ಸರಿಯಾಗಿ ಅರ್ಧ ಮಾಡುವಂತಿದ್ದರೆ, ಐದು ಪ್ರಶ್ನೆಗಳಲ್ಲಿ 32 ವಸ್ತುಗಳಲ್ಲಿ ಒಂದನ್ನು ಹಿಡಿಯಬಹುದು. ಹತ್ತರಲ್ಲಿ 1,024. ಇಪ್ಪತ್ತರಲ್ಲಿ 10,48,576! ಆದರೆ 'ಈಸ್ ಇಟ್ ಎ ಕೌ? ಈಸ್ ಇಟ್ ಎ ಡಾಗ್?' ಎಂದು ಒಂದೊಂದೇ ಹೆಸರು ಕೂಗುತ್ತ ಹೋದರೆ ಇಪ್ಪತ್ತು ಪ್ರಶ್ನೆಗೆ ಇಪ್ಪತ್ತೇ ವಸ್ತು. ಒಳ್ಳೆಯ ಪ್ರಶ್ನೆ ಕೇಳುವವನು ಗೆಲ್ಲುತ್ತಾನೆ, ಜೋರಾಗಿ ಕೂಗುವವನಲ್ಲ.

ಆಟದ ನೆಪದಲ್ಲಿ ಭಾಷೆ ಕಲಿಸುವ ಈ ವಿಚಾರಕ್ಕೆ ನಮ್ಮ ಬೆಂಗಳೂರಿನಲ್ಲೇ ಒಂದು ದೊಡ್ಡ ಚರಿತ್ರೆ ಇದೆ ಎಂಬುದು ಬಹಳ ಪೋಷಕರಿಗೆ ತಿಳಿದಂತಿಲ್ಲ. ಮೈಸೂರು ರಸ್ತೆಯಲ್ಲಿ ಕೆಂಗೇರಿಯತ್ತ ಹೊರಟರೆ ಬಲಗಡೆಗೆ ಸಿಗುವ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1963ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಮೇಷ್ಟ್ರುಗಳು ತರಬೇತಿಗೆ ಬರುತ್ತಾರೆ. ಈ ಸಂಸ್ಥೆ ಮತ್ತು ಮದರಾಸಿನ ಬ್ರಿಟಿಷ್ ಕೌನ್ಸಿಲ್ ಬೆಂಬಲದಿಂದ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಅದರ ಹಿಂದಿದ್ದವರು ಎನ್.ಎಸ್. ಪ್ರಭು. ಭಾಷಾ ಬೋಧನೆಯ ಪುಸ್ತಕಗಳಲ್ಲಿ ಇಂದಿಗೂ ಜಗತ್ತಿನಾದ್ಯಂತ ಅದರ ಹೆಸರು 'ಬೆಂಗಳೂರು ಪ್ರಾಜೆಕ್ಟ್'. ಪ್ರಭು ಅದರ ಬಗ್ಗೆ ಬರೆದ ಪುಸ್ತಕ 1987ರಲ್ಲಿ ಆಕ್ಸ್‌ಫರ್ಡ್‌ನಿಂದ ಹೊರಬಂತು.

ಅವರ ವಾದ ಸರಳವಾಗಿತ್ತು. ವ್ಯಾಕರಣವನ್ನು ಪಾಠವೆಂದು ಕಲಿಸಬೇಡಿ. ಮಕ್ಕಳಿಗೆ ತಲೆ ಓಡಿಸುವ ಕೆಲಸ ಕೊಡಿ. ರೈಲ್ವೆ ವೇಳಾಪಟ್ಟಿ ಕೊಟ್ಟು ಇಂತಿಷ್ಟು ಹೊತ್ತಿಗೆ ಅಲ್ಲಿಗೆ ತಲುಪಬೇಕಾದವನು ಯಾವ ಗಾಡಿ ಹತ್ತಬೇಕು ಎಂದು ಕೇಳಿ. ಭೂಪಟ ಕೊಟ್ಟು ದಾರಿ ಹುಡುಕಿಸಿ. ಮನಸ್ಸು ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ. ಮಗು ತಪ್ಪು ವಾಕ್ಯ ಹೇಳಿದರೆ ಮೇಷ್ಟ್ರು ಅದನ್ನೇ ಸರಿಯಾಗಿ ಮರಳಿ ಹೇಳಿ ಮುಂದೆ ಸಾಗುತ್ತಿದ್ದರು, ಅಷ್ಟೇ. ಅಂಕ ಸಿಗುತ್ತಿದ್ದುದು ಲೆಕ್ಕ ಸರಿ ಬಂದದ್ದಕ್ಕೆ, ಭಾಷೆಗಲ್ಲ. ಇನ್ನೊಂದು ಅಳತೆಗೋಲು ನನಗೆ ಬಹಳ ಹಿಡಿಸಿದ್ದು: ತರಗತಿಯ ಸುಮಾರು ಅರ್ಧ ಮಕ್ಕಳು ಸುಮಾರು ಅರ್ಧ ಕೆಲಸ ಸರಿ ಮಾಡುವಂತಿದ್ದರೆ ಆ ಕೆಲಸ ಹದವಾಗಿದೆ. ಎಲ್ಲರಿಗೂ ಎಲ್ಲವೂ ಬಂದರೆ ತೀರ ಸುಲಭ, ಯಾರಿಗೂ ಬಾರದಿದ್ದರೆ ತೀರ ಕಷ್ಟ.

ಬೆರೆಟ್ಟ ಮತ್ತು ಎಡಿನ್‌ಬರ್ಗಿನ ಡೇವಿಸ್ ಎಂಬಿಬ್ಬರು ಈ ಪ್ರಯೋಗದ ಫಲಿತಾಂಶ ಅಳೆದು 1985ರಲ್ಲಿ ಪ್ರಕಟಿಸಿದರು. ಹಳೆಯ ಪದ್ಧತಿಯಲ್ಲಿ ಕಲಿತ ಮಕ್ಕಳು ವಾಕ್ಯರಚನೆಯ ಪರೀಕ್ಷೆಯಲ್ಲಿ ಮುಂದೆ. ಪ್ರಯೋಗದ ಮಕ್ಕಳು ಕೆಲಸ ಕೊಟ್ಟು ನಡೆಸಿದ ಪರೀಕ್ಷೆಯಲ್ಲಿ ಮುಂದೆ. ಎರಡೂ ಪಕ್ಷಕ್ಕೆ ಸೇರದ ಪರೀಕ್ಷೆಗಳಲ್ಲಿ ಹೆಚ್ಚಾಗಿ ಪ್ರಯೋಗದ ಮಕ್ಕಳ ಕೈಯೇ ಮೇಲಾಗಿತ್ತು. ಇದರಿಂದ ಪ್ರಭು ಗೆದ್ದರೆಂದು ಡಂಗುರ ಹೊಡೆಯುವಂತಿಲ್ಲ, ಸೋತರೆಂದೂ ಅಲ್ಲ.

ಇಂದು 'ಡಸ್', ನಾಳೆ 'ಡಿಡ್' ಎಂದು ಮೊದಲೇ ಗೊತ್ತುಮಾಡಿಕೊಂಡು ಆಡಿಸುವ ನನ್ನ ಆಟವನ್ನು ಪ್ರಭು ಅವರ ವಾದ ಒಪ್ಪಲಾರದು. ನಾನು ಸಕ್ಕರೆ ಲೇಪಿಸಿದ ಗುಳಿಗೆ ಕೊಡುತ್ತಿದ್ದೇನೆ, ಅದು ನಿಜವೇ. ಮುಂದಿನ ತಿಂಗಳು ಪರೀಕ್ಷೆ ಬರೆಯಬೇಕಾದ ಮಕ್ಕಳನ್ನು ಇಟ್ಟುಕೊಂಡವನಿಗೆ ಎರಡೂ ಬೇಕು ಎಂಬುದಷ್ಟೇ ನನ್ನ ಸಮಾಧಾನ. ಆದರೆ ಒಂದು ವಿಷಯದಲ್ಲಿ ಆ ಪ್ರಯೋಗ ನನ್ನ ಕಣ್ಣು ತೆರೆಸಿತು. ಅದನ್ನು ಹೇಳುವ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

ಔಟ್ ಆದ ಹುಡುಗ

ಹಲವು ವರ್ಷದ ಹಿಂದೆ, ತರಗತಿಯಲ್ಲಿ ಈ ಆಟವನ್ನು ಮೊದಲ ಬಾರಿ ಆಡಿಸಿದಾಗ ನಾನೊಂದು ಕಟ್ಟುನಿಟ್ಟಿನ ನಿಯಮ ಮಾಡಿದ್ದೆ. ವ್ಯಾಕರಣ ತಪ್ಪಿದರೆ ಔಟ್. ಹಿಂದಿನ ಬೆಂಚಿನ ಹುಡುಗನೊಬ್ಬ, ಸಾಮಾನ್ಯವಾಗಿ ಬಾಯಿ ಬಿಡದವನು, ಅಂದು ಕೈ ಎತ್ತಿದ. 'ಇಟ್ ಈಸ್ ಹ್ಯಾವ್ ವ್ಹೀಲ್ಸ್?' ಎಂದ. ತರಗತಿ ಗೊಳ್ಳೆಂದಿತು. ನಾನೂ ನಗುತ್ತಲೇ "ಔಟ್!" ಎಂದೆ. ಆ ಪ್ರಶ್ನೆ ಎಷ್ಟು ಚೆನ್ನಾಗಿತ್ತೆಂದರೆ ಉತ್ತರ ಸೈಕಲ್ಲು. ಅವನ ಪ್ರಶ್ನೆಯನ್ನೇ ತಿದ್ದಿಕೊಂಡು ಮುಂದಿನ ಬೆಂಚಿನವಳು ಗೆದ್ದಳು. ಆ ಟರ್ಮು ಮುಗಿಯುವವರೆಗೂ ಅವನು ಮತ್ತೆ ಕೈ ಎತ್ತಲಿಲ್ಲ.

ಆಮೇಲೆ ನಿಯಮ ಬದಲಾಯಿಸಿದೆ. ಈಗ ನಮ್ಮಲ್ಲಿ ಯಾರೂ ಔಟ್ ಆಗುವುದಿಲ್ಲ. ಪ್ರಶ್ನೆಯ ರೂಪ ತಪ್ಪಿದರೆ ಉತ್ತರ ಹೇಳುವವರು ಬಾಯಿ ಮುಚ್ಚಿ ಕೂರುತ್ತಾರೆ. ಕೇಳಿದವನು ಸ್ವತಃ ತಿದ್ದಬಹುದು, ತೋಚದಿದ್ದರೆ ತನ್ನ ಗುಂಪಿನವರನ್ನು ಕೇಳಿ ತಿದ್ದಬಹುದು. ಆದರೆ ತಿದ್ದಿದ ಪ್ರಶ್ನೆಯನ್ನು ಅವನೇ ಹೇಳಬೇಕು, ಉತ್ತರ ಅವನಿಗೇ ಸಿಗಬೇಕು. ತಪ್ಪು ಪ್ರಶ್ನೆ ಇಪ್ಪತ್ತರ ಲೆಕ್ಕಕ್ಕೆ ಸೇರುವುದಿಲ್ಲ. ಗೆಲುವು ವಸ್ತು ಸಿಕ್ಕಿದ್ದಕ್ಕೆ ಮಾತ್ರ, ವ್ಯಾಕರಣಕ್ಕೆ ಬೇರೆ ಬಹುಮಾನವಿಲ್ಲ. ಜ್ಞಾನಭಾರತಿಯ ದಾರಿಯಿಂದ ನಾನು ಎರವಲು ತಂದದ್ದು ಇದನ್ನೇ.

ಇನ್ನೆರಡು ಕಟ್ಟುಪಾಡು ಬೇಕಾಗುತ್ತದೆ, ಇಲ್ಲದಿದ್ದರೆ ಆಟ ಕೆಡುತ್ತದೆ. ಮೊದಲ ಹತ್ತು ಪ್ರಶ್ನೆಗಳಲ್ಲಿ ವಸ್ತುವಿನ ಹೆಸರು ಹೇಳಿ ಕೇಳುವಂತಿಲ್ಲ. ಮತ್ತು ಎಲ್ಲರೂ 'ಈಸ್ ಇಟ್' ಹಿಡಿದುಕೊಂಡೇ ಕೂರದಂತೆ, ಹಳೆಯ ಮದುವೆ ಕಾಗದದ ಹಿಂಬದಿಯಲ್ಲಿ 'ಈಸ್', 'ಡಸ್', 'ಕ್ಯಾನ್' ಎಂದು ಬರೆದ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿಡಿ. ಚೀಟಿ ಎತ್ತಿದವರು ಆ ಪದದಿಂದಲೇ ಪ್ರಶ್ನೆ ಶುರುಮಾಡಬೇಕು. ಐವತ್ತು ಮಕ್ಕಳ ತರಗತಿಯಲ್ಲೂ ಇದು ನಡೆಯುತ್ತದೆ. ಸಾಲಿಗೊಂದು ಚೀಟಿ ಕೊಟ್ಟರಾಯಿತು.

ಉತ್ತರ ಹೇಳುವವರೂ ಸುಮ್ಮನೆ 'ಯೆಸ್', 'ನೋ' ಎಂದು ತಪ್ಪಿಸಿಕೊಳ್ಳಬಾರದು. 'ಯೆಸ್, ಇಟ್ ಡಸ್', 'ನೋ, ಇಟ್ ಈಸಂಟ್' ಎನ್ನಬೇಕು. ಪ್ರಶ್ನೆಯ ತಲೆ ಏನಿತ್ತೋ ಉತ್ತರದ ಬಾಲವೂ ಅದೇ. ದೊಡ್ಡ ಮಕ್ಕಳಿದ್ದರೆ 'ಡಸಂಟ್ ಇಟ್ ಫ್ಲೈ?' ಎಂದು ತಿರುಗಿಸಿ ಕೇಳಲು ಬಿಡಿ, ಆಗ ಮಜಾ ನೋಡಿ. ಕನ್ನಡದಲ್ಲಿ "ಊಟ ಮಾಡ್ಲಿಲ್ವಾ?" ಎಂದರೆ "ಹೂಂ, ಮಾಡ್ಲಿಲ್ಲ" ಎಂದು ಹೇಳುವುದುಂಟು. ಕೇಳಿದವರ ಮಾತಿಗೆ ನಾವು ಹೂಂಗುಡುತ್ತೇವೆ. ಇಂಗ್ಲಿಷಿನವರು ಸಂಗತಿಯನ್ನು ನೋಡುತ್ತಾರೆ. ಹಾರದಿದ್ದರೆ 'ನೋ, ಇಟ್ ಡಸಂಟ್', ಹಾರಿದರೆ 'ಯೆಸ್, ಇಟ್ ಡಸ್'. ಹೇಗೆ ಕೇಳಿದರೂ ಅಷ್ಟೇ. ಆಫೀಸುಗಳಲ್ಲಿ ದೊಡ್ಡವರೇ ಇದರಲ್ಲಿ ಎಡವಿ ಎಡವಟ್ಟಾಗುವುದನ್ನು ಕಂಡಿದ್ದೇನೆ.

ನಿನ್ನೆ ಎಲ್ಲಿಗೆ ಹೋಗಿದ್ದೆ?

ವಸ್ತುವಿನ ಆಟ ಪಳಗಿದ ಮೇಲೆ ಸ್ವಲ್ಪ ಸ್ವಲ್ಪ ಬದಲಾಯಿಸಿದರೆ ವ್ಯಾಕರಣದ ಒಂದೊಂದು ಅಧ್ಯಾಯವೂ ಅದರೊಳಗೆ ಬಂದು ಕೂರುತ್ತದೆ. ನಮ್ಮ ಮಕ್ಕಳಿಗೆ ತೀರ ಇಷ್ಟವಾದದ್ದು ಊರಿನ ಆಟ. ಒಬ್ಬರು "ನಿನ್ನೆ ನಾನೊಂದು ಕಡೆ ಹೋಗಿದ್ದೆ" ಎನ್ನಬೇಕು. ಜಾಗ ನಮ್ಮ ಪಶ್ಚಿಮ ಬೆಂಗಳೂರಿನದೇ ಆಗಿರಬೇಕು. ಪ್ರಶ್ನೆಗಳೆಲ್ಲ 'ಡಿಡ್ ಯು'.

'ಡಿಡ್ ಯು ಕ್ರಾಸ್ ಕಾರ್ಡ್ ರೋಡ್?' 'ಡಿಡ್ ಯು ಗೋ ಬೈ ಬಸ್?' 'ಡಿಡ್ ಯು ಪೇ ಫಾರ್ ಎ ಟಿಕೆಟ್?' ನವರಂಗ್ ಸರ್ಕಲ್ಲು, ಹಾವನೂರು ಸರ್ಕಲ್ಲು, ಮಾರುತಿ ಮಂದಿರ, ಕೆಂಗೇರಿ ಬಸ್ ನಿಲ್ದಾಣ ಎಲ್ಲವೂ ಮಕ್ಕಳು ಕಣ್ಣಾರೆ ಕಂಡ ಜಾಗಗಳು. ಆರನೆಯ ತರಗತಿಯ ಒಬ್ಬ ಪೋರ ಕೇಳಿದ ಪ್ರಶ್ನೆ ಇದು: 'ಡಿಡ್ ಯು ಟೇಕ್ ದ ಪರ್ಪಲ್ ಲೈನ್?' ರಾಜಾಜಿನಗರ ಇರುವುದು ಮೆಟ್ರೊದ ಹಸಿರು ಮಾರ್ಗದಲ್ಲಿ. ವಿಜಯನಗರವೂ 2021ರಿಂದ ಕೆಂಗೇರಿಯೂ ನೇರಳೆ ಮಾರ್ಗದಲ್ಲಿ. ಒಂದೇ ಏಟಿಗೆ ಅರ್ಧ ಊರು ಹೊರಗೆ! ಅದೇ ಪೋರ ಮೊದಲ ವಾರ ಪ್ರತಿ ಪ್ರಶ್ನೆಗೂ 'ಡಿಡ್ ಯು ವೆಂಟ್' ಎನ್ನುತ್ತಿದ್ದ. ಯಾರಾದರೂ "ಕೊಡೆ, ಕೊಡೆ!" ಎಂದು ಕೂಗುತ್ತಿದ್ದರು, ಅವನೇ ತಿದ್ದಿಕೊಳ್ಳುತ್ತಿದ್ದ.

ಜಾಗದ ಬದಲು ಕಟ್ಟಡ ನೆನೆಸಿಕೊಂಡರೆ ಕರ್ಮಣಿ ಪ್ರಯೋಗ ಬರುತ್ತದೆ. 'ವಾಸ್ ಇಟ್ ಬಿಲ್ಟ್ ಬಿಫೋರ್ ಯು ವರ್ ಬಾರ್ನ್?' ರಾಜಾಜಿನಗರದ ಇಸ್ಕಾನ್ ದೇವಾಲಯ ಉದ್ಘಾಟನೆಯಾದದ್ದು 1997ರಲ್ಲಿ. ಇಂದಿನ ಶಾಲಾ ಮಕ್ಕಳೆಲ್ಲ 'ಯೆಸ್, ಇಟ್ ವಾಸ್' ಎನ್ನಲೇಬೇಕು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಯಮನಂತೆ ಕಾಣುವ ಈ 'ಪ್ಯಾಸಿವ್ ವಾಯ್ಸ್' ಕೂಡ ನಮ್ಮ 'ಅಲ್ಲ' ಲೆಕ್ಕಕ್ಕೆ ಸಿಗುತ್ತದೆ. ಮರದಿಂದ ಮಾಡಿದ್ದಾ? ಅಲ್ಲ. 'ಈಸ್ ಇಟ್ ಮೇಡ್ ಆಫ್ ವುಡ್?' ಅಂಗಡೀಲಿ ಮಾರೋದಾ? ಅಲ್ಲ. 'ಈಸ್ ಇಟ್ ಸೋಲ್ಡ್ ಇನ್ ಷಾಪ್ಸ್?' ಹೆದರಬೇಕಾದದ್ದೇನೂ ಇಲ್ಲ.

ಸಣ್ಣವರಿಗೆ ಬಚ್ಚಿಡುವ ಆಟ. ಒಂದು ರಬ್ಬರನ್ನು ಕೋಣೆಯಲ್ಲಿ ಅಡಗಿಸಿ 'ಈಸ್ ಇಟ್ ಅಂಡರ್ ದ ಕಾಟ್?' 'ಈಸ್ ಇಟ್ ಆನ್ ದ ಷೆಲ್ಫ್?' ಎಂದು ಕೇಳಿಸುವುದು. ಕನ್ನಡದ 'ಅಲ್ಲಿ' ಪ್ರತ್ಯಯವೊಂದೇ ಬಸ್ಸಿನಲ್ಲಿ, ಗೋಡೆಯಲ್ಲಿ, ಬಾಗಿಲಲ್ಲಿ ಎಂದು ಎಲ್ಲ ಕೆಲಸವನ್ನೂ ನಿಭಾಯಿಸುವುದರಿಂದ ಇಂಗ್ಲಿಷಿನ 'ಇನ್', 'ಆನ್', 'ಅಟ್' ನಮಗೆ ಸದಾ ತಲೆನೋವು. ಇದಕ್ಕೆ ಸೂತ್ರಕ್ಕಿಂತ ಹುಡುಕಾಟವೇ ಮದ್ದು. ಹೋಲಿಕೆ ಕಲಿಯಬೇಕಾದರೆ 'ಈಸ್ ಇಟ್ ಬಿಗ್ಗರ್ ದ್ಯಾನ್ ಎ ಲೆಮನ್?' ಎಂದು ಶುರುಮಾಡಿ. 'ಇನ್ನೂ ದೊಡ್ಡದು' ಎಂಬ ನಮ್ಮ ಮಾತಿನ ಗುಂಗಿನಲ್ಲಿ 'ಮೋರ್ ಬಿಗ್ಗರ್' ಎಂದರೆ, ಮತ್ತೆ ಕೊಡೆಯ ಕಥೆಯೇ.

ವೃತ್ತಿಯ ಆಟ ಇನ್ನೊಂದು. ಒಬ್ಬರು ಕಂಡಕ್ಟರೋ ನರ್ಸೋ ಹೂವಿನವರೋ ಆಗಿ ಕೂರಬೇಕು. 'ಡು ಯು ವರ್ಕ್ ಅಟ್ ನೈಟ್?' 'ಡು ಯು ವೇರ್ ಎ ಯೂನಿಫಾರಂ?' ಇದನ್ನು ತಾಯಿ ತಂದೆಯರ ಕೆಲಸಕ್ಕೇ ಹೊಂದಿಸಿದರೆ 'ಡಸ್ ಷಿ' ಬರುತ್ತದೆ, ಜತೆಗೆ ಮಕ್ಕಳಿಗೆ ತಮ್ಮ ಮನೆಯವರ ಕೆಲಸದ ಬಗ್ಗೆ ಎಷ್ಟು ಕಡಿಮೆ ಗೊತ್ತು ಎಂಬುದೂ ಹೊರಬೀಳುತ್ತದೆ.

ಇಂಗ್ಲಿಷ್ ಬಾರದ ಅಮ್ಮನೂ ಆಡಬಹುದು

"ನಮಗೆ ಇಂಗ್ಲಿಷ್ ಬರಲ್ಲ ಸಾರ್, ನಾವೇನು ಹೇಳ್ಕೊಡೋದು?" ಪೋಷಕರಿಂದ ನಾನು ಅತಿ ಹೆಚ್ಚು ಕೇಳಿದ ಮಾತಿದು. ನಮ್ಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೇ ಶುರುವಾದವು. ಅದಕ್ಕೆ ಮೊದಲು ಐದನೆಯ ತರಗತಿಯಲ್ಲಿ ಎಬಿಸಿಡಿ ಕಂಡ ತಾಯಂದಿರು ಇಂದು ಮಕ್ಕಳ ಹೋಂವರ್ಕ್ ಪುಸ್ತಕ ತೆರೆದು ಮುಚ್ಚಿಡುತ್ತಾರೆ. ಟ್ಯೂಷನ್ನಿಗೆ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ ಎನ್ನುವುದು ಸುಲಭ. ಕೈ ಚಾಚಲು ಅವರಿಗೆ ದಾರಿ ಕಾಣದು ಎನ್ನುವುದೇ ಸರಿ.

ಈ ಆಟದಲ್ಲಿ ಅವರಿಗೊಂದು ಜಾಗವಿದೆ, ಅದೂ ಮುಖ್ಯವಾದ ಜಾಗ. ಅಮ್ಮ ವಸ್ತುವನ್ನು ನೆನೆಸಿಕೊಳ್ಳಲಿ. ಮಗು ಮೊದಲು ಕನ್ನಡದಲ್ಲಿ ಕೇಳಲಿ. ಅಮ್ಮ 'ಅಲ್ಲ' ಅಥವಾ 'ಇಲ್ಲ' ಎನ್ನಲಿ, ಹೌದಾದರೆ ಹೌದು ಎನ್ನಲಿ. ಆಮೇಲೆ ಮಗು ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಹೇಳಿ ಚೀಟಿಯಲ್ಲಿ ಬರೆಯಲಿ. ಅಮ್ಮ 'ಅಲ್ಲ' ಎಂದಿದ್ದರೆ 'ಈಸ್', 'ಇಲ್ಲ' ಎಂದಿದ್ದರೆ 'ಡಸ್' ಇದೆಯೇ ಎಂದು ನೋಡುವುದಕ್ಕೆ ಅಮ್ಮನಿಗೆ ಇಂಗ್ಲಿಷ್ ಬೇಕಿಲ್ಲ, ಎರಡು ಪದದ ಗುರುತು ಸಾಕು. ಮಿಕ್ಕದ್ದನ್ನು ಮರುದಿನ ಚೀಟಿ ನೋಡಿ ಮೇಷ್ಟ್ರು ತಿದ್ದುತ್ತಾರೆ. ದಿನಕ್ಕೆ ಹತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಮಕ್ಕಳು ಇನ್ನೂ ಬೇಕು ಎನ್ನುವಾಗಲೇ ನಿಲ್ಲಿಸಿ.

ನಮ್ಮ ಬೀದಿಯ ಆ ಒಂಬತ್ತನೆಯ ತರಗತಿಯ ಹುಡುಗಿಯ ತಾಯಿ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರು. ಒಂದು ಭಾನುವಾರ ಅವರನ್ನೂ ಮೆಟ್ಟಿಲಿಗೆ ಎಳೆದು ತಂದರು. ಮೊದಲು ಒಲ್ಲೆ ಎಂದರು, ಆಮೇಲೆ ಒಂದು ವಸ್ತು ನೆನೆಸಿಕೊಂಡು ಸೆರಗು ಬಾಯಿಗಿಟ್ಟುಕೊಂಡು ಕುಳಿತರು. ಪ್ರಶ್ನೆಗಳು ಶುರುವಾದವು. 'ಈಸ್ ಇಟ್ ಇನ್ ಅವರ್ ಹೌಸ್?' ಇಲ್ಲ. 'ಈಸ್ ಇಟ್ ಮೇಡ್ ಆಫ್ ಐರನ್?' ಹೌದು. 'ಈಸ್ ಇಟ್ ಬಿಗ್ಗರ್ ದ್ಯಾನ್ ಎ ಲೆಮನ್?' ಅಲ್ಲ. 'ಡಸ್ ಇಟ್ ಟರ್ನ್?' ಹೂಂ, ತಿರುಗತ್ತೆ. 'ಡು ಯು ಟಚ್ ಇಟ್ ಎವರಿ ಡೇ?' ಹೂಂ.

ಇಪ್ಪತ್ತೂ ಮುಗಿಯಿತು. ಯಾರಿಗೂ ಸಿಗಲಿಲ್ಲ. ತಾಯಿ ನಗುತ್ತ "ಬಾಬಿನ್ನು" ಎಂದರು. ಹೊಲಿಗೆ ಯಂತ್ರದ ಹೊಟ್ಟೆಯೊಳಗೆ ಕೆಳದಾರ ಸುತ್ತಿಕೊಂಡು ಕೂರುವ ಪುಟ್ಟ ಉರುಳೆ. ಸಣ್ಣವರಿಗೆ ಅದೇನೆಂದೇ ಗೊತ್ತಿರಲಿಲ್ಲ. ದೊಡ್ಡವಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಆಟ ಮುಗಿದಿತ್ತು, ಚೀಟಿಗಳನ್ನು ಡಬ್ಬಿಗೆ ಹಾಕಿಯಾಗಿತ್ತು.

'ಹೌ ಮೆನಿ ಬಾಬಿನ್ಸ್ ಡು ಯು ಯೂಸ್ ಇನ್ ಎ ಡೇ?' ಎಂದಳು.

"ಏನಂದೆ? ಕನ್ನಡದಲ್ಲಿ ಹೇಳೇ."

ಹೇಳಿದಳು. ತಾಯಿ ಬೆರಳು ಮಡಿಸಿ ಲೆಕ್ಕ ಹಾಕತೊಡಗಿದರು. ಬೆಳಗಿನದೊಂದು ಲೆಕ್ಕ, ಊಟದ ಬೆಲ್ಲು ಹೊಡೆದ ಮೇಲಿನದು ಇನ್ನೊಂದು, ಓವರ್‌ಟೈಮ್ ಇದ್ದ ದಿನದ್ದು ಬೇರೆ... ನಾವೆಲ್ಲ ಕೇಳುತ್ತ ಕುಳಿತೆವು.